ನಾಲ್ಕನೇ ಹಾಡಿಗೆ ಕೆಂಪು ದಾರ

ಅವರ ಬಲಗೈಯ ಅಂಗೈಯಲ್ಲಿ ಗೆರೆಗಳೇ ಇಲ್ಲ. ಹೊಳೆಯಲ್ಲಿ ಬಿದ್ದು ಬಿದ್ದು ಸವೆದ ಕಲ್ಲಿನ ಹಾಗೆ ನುಣ್ಣಗಿದೆ. ರೇಶನ್ ಅಂಗಡಿಯ ಯಂತ್ರದ ಮೇಲೆ ಹೆಬ್ಬೆರಳು ಒತ್ತಿದರೆ ಯಂತ್ರ ಕೂಂಯ್ ಎಂದು ಸುಮ್ಮನಾಗುತ್ತಿತ್ತು. ಒರೆಸಿ ಒತ್ತಿದರೂ ಇಲ್ಲ, ತೊಯಿಸಿ ಒತ್ತಿದರೂ ಇಲ್ಲ. ಹಿಂದೆ ಸಾಲಿನಲ್ಲಿ ನಿಂತ ನಾವೆಲ್ಲ ನಗುತ್ತಿದ್ದೆವು. "ನನ್ನ ಬಟ್ಟು ತಾಗಾ ತಿಂದೈತ್ರಿ. ಅಕ್ಕಿ ಕೊಡೂದಾದ್ರ ಕೊಡ್ರಿ, ಇಲ್ಲಂದ್ರ ಹೋಗಿ ತಾಗಾನ್ನ ಕೇಳ್ರಿ," ಎಂದು ಅವರು ಅಂಗಡಿಯವನಿಗೆ ಹೇಳುತ್ತಿದ್ದರು.

ತಾಗಾ ಎಂದರೆ ಮಗ್ಗದಿಂದ ಇಳಿದ ಬಟ್ಟೆಯ ಇಡೀ ಸುರುಳಿ. ಇಚಲಕರಂಜಿಯ ನಮ್ಮ ಮಗ್ಗದ ಶೆಡ್ಡಿನಲ್ಲಿ ಅದನ್ನು ಬಿಚ್ಚಿ, ತಪ್ಪು ಹುಡುಕಿ, ಮಡಚಿ ಇಡುವುದು ಅವರ ಕೆಲಸ. ಮಡಚುವುದಕ್ಕೆ ನಮ್ಮ ಕಡೆ ಘಡಿ ಎನ್ನುತ್ತಾರೆ. ಅದಕ್ಕೇ ಅವರು ಘಡಿ ಕಾಕಾ. ನನಗಿಂತ ಎಂಟು ಹತ್ತು ವರ್ಷ ದೊಡ್ಡವರಷ್ಟೇ, ಆದರೆ ಮಾಲಕರಿಂದ ಹಿಡಿದು ಚಹಾದವನ ತನಕ ಎಲ್ಲರಿಗೂ ಅವರು ಕಾಕಾನೇ.

ಅವರ ಬಗ್ಗೆ ಬರೆಯಲು ಕೂತಿದ್ದೇನೆ, ಯಾಕೆಂದರೆ ಮೊನ್ನೆ ಭಾನುವಾರದಿಂದ ನನ್ನ ಕಾಲು ನೆಲಕ್ಕೆ ಹತ್ತುತ್ತಿಲ್ಲ. ನನ್ನ ಮೊಮ್ಮಗಳು ಅಕ್ಷತಾ ಮತ್ತೆ ಹಾಡಿದಳು! ಇನ್ನು ಜನ್ಮದಲ್ಲಿ ಹಾಡುವುದಿಲ್ಲ ಎಂದು ಗಿಟಾರನ್ನು ಕಪಾಟಿನ ಮೇಲೆ ಒಗೆದಿದ್ದ ಹುಡುಗಿ ಅಷ್ಟು ಜನರ ಮುಂದೆ ನಿಂತು ಹಾಡಿದಳು! ಅವಳನ್ನು ಅಲ್ಲಿ ನಿಲ್ಲಿಸಿದ್ದು ನಾನಲ್ಲ, ಅವಳ ಅಪ್ಪನೂ ಅಲ್ಲ. ಈ ಕೈ.

ಆ ಕೈಗೆ ಬಟ್ಟೆ ಓದಲು ಬರುತ್ತಿತ್ತು. ಮೇಜಿನ ಮೇಲೆ ತಾಗಾ ಹರಿಯುತ್ತಿತ್ತು, ಅವರು ಕಿಟಕಿಯಾಚೆ ಯಾರ ಜೊತೆಗೋ ಹರಟುತ್ತಿದ್ದರು. ತಟ್ಟನೆ ಕೈ ನಿಂತಿತೆಂದರೆ ಅಲ್ಲೊಂದು ಎಳೆ ತಪ್ಪಿದೆ ಎಂದೇ ಲೆಕ್ಕ. ಆಗ ಕಿವಿಯ ಸಂದಿಯಿಂದ ಕೆಂಪು ದಾರದ ತುಂಡು ತೆಗೆದು ಬಟ್ಟೆಯ ಅಂಚಿಗೆ ಕಟ್ಟುತ್ತಿದ್ದರು. ಉಳಿದವರು ಬೀಡಿ ಸಿಕ್ಕಿಸುವ ಜಾಗದಲ್ಲಿ ಅವರು ದಾರ ಸಿಕ್ಕಿಸುತ್ತಿದ್ದರು. ಕೊಳ್ಳುವವನಿಗೆ ಅದು ಗುರುತು: ಇಲ್ಲಿ ತಪ್ಪಿದೆ, ನೋಡಿಕೊಂಡು ತಗೋ. ತಪ್ಪಿದ್ದ ಜಾಗ ಕತ್ತರಿಸಿ ತೆಗೆದರಾಗದೇ ಎಂದು ಯಾರಾದರೂ ಕೇಳಿದರೆ ಸಿಟ್ಟೇ ಬರುತ್ತಿತ್ತು. "ಕತ್ತರಿ ಬಿತ್ತಂದ್ರ ಎರಡು ಚಿಂದಿ. ದಾರ ಕಟ್ಟಿದ್ರ ತಾಗಾ ಇನ್ನೂ ತಾಗಾನ ಇರ್ತೈತಿ. ತಿಳೀತೇನು?"

ಒಮ್ಮೆ ಹೊರಗಿನಿಂದ ದೊಡ್ಡ ವ್ಯಾಪಾರಿ ಬರುವವನಿದ್ದ. ಮಾಲಕರ ಮಗ ಬಂದು, ದಾರಗಳನ್ನೆಲ್ಲ ಕಿತ್ತುಬಿಡಿ ಎಂದ. "ಕೀಳೋಣ್ರಿ ಸಣ್ಣ ಮಾಲಕ್ರ, ಆದ್ರ ಮೊದಲ ನನ್ನನ್ನ ಕೀಳ್ರಿ," ಎಂದರು ಕಾಕಾ. ಹುಡುಗ ಮುಖ ಊದಿಸಿಕೊಂಡು ಹೋದ. ವ್ಯಾಪಾರಿ ಬಂದ, ದಾರ ಇದ್ದ ಕಡೆ ನೋಡಿದ, ದಾರ ಇಲ್ಲದ ಕಡೆ ನೋಡಲೇ ಇಲ್ಲ. ಅಷ್ಟೂ ಮಾಲು ಒಯ್ದ.

ಆ ದಾರ ಒಮ್ಮೆ ನನಗೂ ಬಿದ್ದಿತ್ತು. ನಾನು ಆ ಶೆಡ್ಡಿನಲ್ಲಿ ಕಾಂಡಿ ತುಂಬುತ್ತಿದ್ದೆ. ಲಾಳಿಯೊಳಗೆ ಕೂರುವ ನೂಲಿನ ಕಡ್ಡಿಗೆ ಕಾಂಡಿ ಎನ್ನುತ್ತೇವೆ. ಮಗನಿಗೆ ಜ್ವರ ಬಂದಿದ್ದ ಒಂದು ದಿನ, ದಪ್ಪ ನೂಲಿನ ಕಾಂಡಿಗಳನ್ನು ತೆಳು ನೂಲಿನ ಬುಟ್ಟಿಗೆ ಹಾಕಿಬಿಟ್ಟೆ. ತಾಗಾದ ನಡುವೆ ಗೇಣಗಲ ದಪ್ಪ ಪಟ್ಟೆ ಬಿತ್ತು. ಕಾಕಾ ನನ್ನನ್ನು ಕರೆದರು. ಕೂಗಾಡುತ್ತಾರೆ ಎಂದುಕೊಂಡೆ. ಕೆಂಪು ದಾರ ನನ್ನ ಕೈಗೇ ಕೊಟ್ಟರು. "ನೀನ ಕಟ್ಟು ತಂಗೆವ್ವಾ." ಕಣ್ಣೀರು ಸುರಿಸುತ್ತ ಕಟ್ಟಿದೆ. "ಆತಲ್ಲ. ಇನ್ನ ಹೋಗಿ ಕಾಂಡಿ ತುಂಬು. ಸಂಜೀ ತನಕ ಅಳಕೋಂತ ಕುಂತ್ರ ಮಗ್ಗ ನಿಲ್ತಾವ." ಮುಂದೆ ಒಂದು ದಿನವೂ, ಯಾರೆದುರಿಗೂ, ಅವರು ಆ ಮಾತು ಎತ್ತಲಿಲ್ಲ.

ಈಗ ಮೊಮ್ಮಗಳ ವಿಷಯಕ್ಕೆ ಬರುತ್ತೇನೆ. ಅವಳದೂ ಅವಳ ಮೂವರು ಗೆಳೆಯರದೂ ಒಂದು ರಾಕ್ ಬ್ಯಾಂಡ್. ರಾಕ್ ಎಂದರೆ ಏನೆಂದು ನನಗೆ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ. ಇಪ್ಪತ್ತನಾಲ್ಕು ಮಗ್ಗಗಳ ನಡುವೆ ಅರ್ಧ ಆಯುಷ್ಯ ಕಳೆದವಳು ನಾನು, ಗದ್ದಲ ನನಗೆ ತವರುಮನೆ. ಓಣಿಯ ಹೆಂಗಸರು ಕಿವಿ ಮುಚ್ಚಿಕೊಂಡರೆ ನಾನು ತಲೆ ಅಲ್ಲಾಡಿಸುತ್ತಿದ್ದೆ.

ಕೊಲ್ಹಾಪುರದಲ್ಲಿ ಅವರ ದೊಡ್ಡ ಕಾರ್ಯಕ್ರಮವಾಯಿತು. ಆರು ಹಾಡು. ನಾಲ್ಕನೆಯದು ಅಕ್ಷತಾ ತಾನೇ ಬರೆದದ್ದು, ನಮ್ಮ ಓಣಿಯ ಮೇಲೆ, ಅರ್ಧ ಕನ್ನಡ ಅರ್ಧ ಮರಾಠಿ. ಅದರಲ್ಲಿ ದನಿ ಮೇಲೆ ಮೇಲೆ ಹೋಗುವ ಒಂದು ಜಾಗವಿದೆ. ಅಲ್ಲಿಗೆ ಬಂದಾಗ ಗಂಟಲು ಕೈಕೊಟ್ಟಿತು. ದನಿ ಒಡೆದು, ಕೀರಿ, ನಿಂತೇಹೋಯಿತು. ಎರಡು ಸಾಲು ಬರೀ ಡ್ರಮ್ ಬಡಿಯುತ್ತಿತ್ತು. ಆಮೇಲೆ ಹೇಗೋ ಹಿಡಿದುಕೊಂಡು ಮುಗಿಸಿದಳು. ಮುಗಿಸಿದಳಲ್ಲ, ಅದು ದೊಡ್ಡದಲ್ಲವೇ? ಆದರೆ ಯಾವನೋ ಅಷ್ಟೇ ತುಂಡನ್ನು ಮೊಬೈಲಿನಲ್ಲಿ ಹಿಡಿದು, ಅದಕ್ಕೆ ಕತ್ತೆಯ ಕೂಗು ಸೇರಿಸಿ ಹರಿಬಿಟ್ಟ. ಎರಡೇ ದಿನದಲ್ಲಿ ಓಣಿಯ ಎಲ್ಲ ಮೊಬೈಲಿನಲ್ಲೂ ಕತ್ತೆ.

ಅಕ್ಷತಾ ಗಿಟಾರನ್ನು ಕಪಾಟಿನ ಮೇಲೆ ಒಗೆದಳು. ಎರಡು ತಿಂಗಳು ಬಚ್ಚಲಲ್ಲೂ ಒಂದು ಸಾಲು ಗುನುಗಲಿಲ್ಲ. ನಾನು ದಿನಾ ಹೇಳುತ್ತಿದ್ದೆ, "ನಿನ್ನ ಹಾಡು ಭಾಳ ಚಲೋ ಇತ್ತ ಬಾಳಾ." ಅವಳು ಗೋಡೆಯ ಕಡೆ ತಿರುಗುತ್ತಿದ್ದಳು. "ಆಯೀ, ನೀ ಎಲ್ಲಾಕ್ಕೂ ಚಲೋ ಅಂತೀ. ಸುಮ್ನಿರು."

ಗೆಳೆಯರು ಬಂದರು. ಕೊಲ್ಹಾಪುರದ ಹಾಡುಗಳೆಲ್ಲ ರೆಕಾರ್ಡ್ ಆಗಿವೆ, ಲೈವ್ ಆಲ್ಬಮ್ ತರೋಣ, ನಾಲ್ಕನೇ ಹಾಡನ್ನು ಬೇಕಾದರೆ ಕೋಣೆಯಲ್ಲಿ ಕೂತು ಹೊಸದಾಗಿ ಹಾಡಿ ಸೇರಿಸೋಣ ಎಂದರು. "ಅದನ್ನ ಕಿತ್ತ ಒಗೀರಿ. ನಾ ಇನ್ನ ಹಾಡಂಗಿಲ್ಲ," ಎಂದಳು ಇವಳು.

ಆಗ ಬಾಗಿಲಲ್ಲಿ ಘಡಿ ಕಾಕಾ. ಶೆಡ್ಡು ಮುಚ್ಚಿ ವರ್ಷಗಳಾಗಿದ್ದರೂ ನಾಲ್ಕರ ಚಹಾಕ್ಕೆ ನಮ್ಮ ಮನೆಗೆ ಬರುವುದನ್ನು ಅವರು ಬಿಟ್ಟಿರಲಿಲ್ಲ. ನಾನು ಎಲ್ಲ ಹೇಳಿದೆ. ಕತ್ತೆಯ ವಿಡಿಯೋ ಅವರೂ ನೋಡಿದ್ದರು.

"ಅದು ತುಂಡು," ಎಂದರು. "ತಾಗಾ ಎಲ್ಲೈತಿ? ಪೂರಾ ಹಚ್ಚು."

ಹುಡುಗರು ಸ್ಪೀಕರ್ ತಂದು ಕಟ್ಟೆಯ ಮೇಲಿಟ್ಟರು. ಮಗ್ಗದ ಸಪ್ಪಳದಲ್ಲಿ ಕಾಕಾನ ಕಿವಿ ಅರ್ಧ ಹೋಗಿದೆ. ಅವರು ಸ್ಪೀಕರಿನ ಮೇಲೆ ಅಂಗೈ ಇಟ್ಟು ಕೂತರು. ಆರೂ ಹಾಡು ಹಾಗೇ ಕೇಳಿದರು. ನಡುವೆ ನಾನು ಚಹಾ ಕೊಡಲು ಹೋದರೆ ಕಣ್ಣಲ್ಲೇ ಗದರಿದರು. ಅಕ್ಷತಾ ಒಳಗೆ ಬಾಗಿಲ ಮರೆಯಲ್ಲಿ ನಿಂತಿದ್ದಳು. ಹಾಡು ಮುಗಿಯಿತು.

"ನಾಲ್ಕರಾಗ ತಪ್ಪೈತಿ," ಎಂದರು.

ನನಗೆ ಉರಿದುಹೋಯಿತು. "ಏನ್ರಿ ಕಾಕಾ, ಹುಡುಗಿ ಮೊದಲ ನೊಂದಾಳ..."

"ಇಲ್ಲ ಅಂತ ಸುಳ್ಳ ಹೇಳ್ಲೇನು? ತಪ್ಪೈತಿ. ಎರಡರಾಗನೂ ಐತಿ, ಈ ಡ್ರಮ್ಮಿನ ಹುಡುಗ ಎಸ್‌ಟಿ ಬಸ್ಸು ತಪ್ಪತೈತಿ ಅನ್ನೋರಂಗ ಓಡ್ಯಾನ. ಐದರಾಗ ಯಾರೋ ತಂತಿ ತಪ್ಪಿ ಹಿಡದಾರ. ಅವು ಯಾರಿಗೂ ಕಾಣಲಿಲ್ಲ, ಈಕೀದೊಂದ ಕಂಡೈತಿ."

ಡ್ರಮ್ಮಿನ ಹುಡುಗ ಬಾಯಿ ಬಿಟ್ಟ. "ಕಾಕಾ, ಅದು ನಮಗ ನಾಲ್ಕ ಮಂದಿಗಷ್ಟ ಗೊತ್ತಿತ್ತು!"

ಬಾಗಿಲ ಮರೆಯಿಂದ ಫಕ್ಕನೆ ನಗು ಕೇಳಿತು. ಎರಡು ತಿಂಗಳ ಮೇಲೆ! ಅಕ್ಷತಾ ಹೊರಗೆ ಬಂದಳು. ಕಾಕಾ ಅವಳನ್ನು ಕೇಳಿದರು, "ಲೈವ್ ಅಂದ್ರ ಏನವಾ?"

"ಮಂದಿ ಮುಂದ ಹೆಂಗ ಹಾಡಿರ್ತೀವಿ, ಹಂಗ ಇರೂದ್ರಿ."

"ಮತ್ತ ಖೋಲ್ಯಾಗ ಕುಂತು ಹಾಡಿ ಅದರಾಗ ಜೋಡಿಸಿದ್ರ?"

ಅವಳು ಬಂದು ಕಟ್ಟೆಯ ತುದಿಗೆ ಕೂತಳು.

"ಹಂಗ ಮಾಡೂದಿದ್ರ ಲೈವ್ ಅಂತ ಶಿಕ್ಕಾ ಹೊಡೀಬ್ಯಾಡ್ರಿ. ಕಿತ್ತ ಒಗಿಯೂದಿದ್ರ ಅದು ತುಂಡು ಮಾಲು. ಹಂಗ ಬಿಡ್ರಿ, ದಾರ ಕಟ್ರಿ."

"ಹಾಡಿಗೆ ಹೆಂಗ್ರಿ ದಾರ ಕಟ್ಟೂದು?"

"ಅದು ನನಗೇನ ಗೊತ್ತು? ನಾ ಅರಿವಿ ಮಡಚಾಂವ," ಎಂದು ಆರಿದ ಚಹಾ ಗುಟುಕರಿಸಿ ಎದ್ದು ಹೋದರು.

ನಾಲ್ಕು ದಿನ ಅಕ್ಷತಾ ವಿಚಾರ ಮಾಡಿದಳು. ಐದನೇ ದಿನ ಆಲ್ಬಮ್ ಮೊಬೈಲಿನಲ್ಲಿ ಎಲ್ಲರಿಗೂ ಬಂತು, ಆರೂ ಹಾಡು, ಇದ್ದದ್ದು ಇದ್ದ ಹಾಗೆ. ನಾಲ್ಕನೇ ಹಾಡಿನ ಕೆಳಗೆ ಅವಳು ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ ಬರೆದಿದ್ದಳು: "ಮೂರನೇ ನಿಮಿಷದಲ್ಲಿ ನನ್ನ ದನಿ ಒಡೆದಿದೆ. ತಿದ್ದಿಲ್ಲ. ಕೇಳಿ." ಅದರ ಮುಂದೆ ಒಂದು ಸಣ್ಣ ಕೆಂಪು ಗೆರೆ.

ಆಮೇಲೆ ಬಂದವು ನೋಡಿ ಜನರ ಮಾತು! ಅಭಿಮಾನಿಗಳು ಅಂತೆ. ನನ್ನ ಮೊಮ್ಮಗಳಿಗೆ ಅಭಿಮಾನಿಗಳು! ದಿನಾ ನಾಲ್ಕಕ್ಕೆ ಕಟ್ಟೆಯ ಮೇಲೆ ನಮ್ಮ ಸಭೆ. ಕನ್ನಡದ್ದು ನಾನು ಅಕ್ಷರ ಕೂಡಿಸಿ ಓದುತ್ತಿದ್ದೆ, ಮರಾಠಿಯದು ಕಾಕಾ, ಉಳಿದದ್ದು ಅಕ್ಷತಾ. ಕಾಗಲದ ಲಾರಿ ಚಾಲಕನೊಬ್ಬ ಬರೆದಿದ್ದ: "ನಾಲ್ಕನೇ ಹಾಡಿಗೆ ಗಾಡಿ ಬದಿಗೆ ಹಚ್ಚಿ ಕೇಳೇನಿ. ಆ ಹುಡುಗಿ ಮತ್ತ ದನಿ ಎತ್ತಿದಾಗ ನಾನೂ ಹಾರ್ನ್ ಬಾರಿಸೇನಿ." ಕೊಲ್ಹಾಪುರದವಳೊಬ್ಬಳು, ತಾನು ಮೊದಲ ಸಾಲಿನಲ್ಲೇ ಇದ್ದೆ, ಆ ಎರಡು ಸಾಲು ಯಾರೂ ಉಸಿರಾಡಲಿಲ್ಲ, ರೆಕಾರ್ಡಿನಲ್ಲಿ ಅದೂ ಕೇಳಿಸುತ್ತದೆ ಎಂದು ಬರೆದಿದ್ದಳು. ಒಬ್ಬ, ಜನರ ಗದ್ದಲ ಕಮ್ಮಿ ಮಾಡಬೇಕಿತ್ತು ಎಂದ. ಅವನ ಕೆಳಗೇ ಗಡಹಿಂಗ್ಲಜದ ಒಬ್ಬ, "ಗದ್ದಲ ಬ್ಯಾಡಾಗಿದ್ರ ಮನ್ಯಾಗ ಹೊದ್ದು ಮಲ್ಕೋ ಮಾರಾಯಾ," ಎಂದ. ಅವರಿಬ್ಬರ ಜಗಳ ಮೂರು ದಿನ ನಡೆಯಿತು. ಮೂರನೇ ಹಾಡಿನ ಗಿಟಾರು ಉದ್ದವಾಯಿತೋ ಗಿಡ್ಡವಾಯಿತೋ ಎಂಬಲ್ಲಿಗೆ ಹೋಗಿ ನಿಂತಿತು. ನಮಗೆ ಅದು ಧಾರಾವಾಹಿಗಿಂತ ಹೆಚ್ಚಾಯಿತು.

ಪ್ರತಿಯೊಂದಕ್ಕೂ ಕಾಕಾನದು ಒಂದೇ ಪ್ರಶ್ನೆ. "ಇಂವಾ ಪೂರಾ ಕೇಳ್ಯಾನೋ ಇಲ್ಲೋ?"

ಒಬ್ಬ ದರಿದ್ರ, ಈಕೆ ಮನೆಯಲ್ಲಿ ರೊಟ್ಟಿ ಬಡಿಯಲಿ ಎಂದು ಬರೆದಿದ್ದ. ನಾನು ಸೆರಗು ಸಿಕ್ಕಿಸಿದೆ. "ಬರಿ ಅಕ್ಷತಾ, ನಿನ್ನ ಬಾಯಾಗ ಮಣ್ಣ ಬೀಳ್ಲಿ ಅಂತ ಬರಿ!"

"ಆಯೀ, ಹಂಗ ಬರದ್ರ ನಮ್ಮ ಅಕೌಂಟ ಮುಚ್ಚತಾರ!"

"ಅಂವಾ ತಾಗಾ ಬಿಚ್ಚೇ ಇಲ್ಲ," ಎಂದರು ಕಾಕಾ. "ಮುಂದಿಂದು ಓದು."

ಇನ್ನೊಬ್ಬ ಉದ್ದಕ್ಕೆ ಬರೆದಿದ್ದ. ಮೇಲಿನ ಜಾಗಕ್ಕೆ ಹೋಗುವ ಮೊದಲು ನೀವು ಉಸಿರು ತೆಗೆದುಕೊಳ್ಳುತ್ತಿಲ್ಲ, ಮೊದಲ ಹಾಡಿನಿಂದಲೂ ಹಾಗೇ ಮಾಡಿದ್ದೀರಿ, ಅದಕ್ಕೇ ನಾಲ್ಕರಲ್ಲಿ ಒಡೆಯಿತು ಎಂದು. ನನಗೆ ಅವನ ಮೇಲೂ ಸಿಟ್ಟು. ಕಾಕಾ ಮಾತ್ರ ಕೈ ಎತ್ತಿ, "ಇಂವಾ ಕೇಳ್ಯಾನ! ಇಂವಂಗ ಥ್ಯಾಂಕ್ಯೂ ಬರಿ," ಎಂದರು. ಅಕ್ಷತಾ ಬರೆದಳು. ಬರೆದವಳೇ ಎದ್ದು, ಸ್ಟೂಲ್ ಹಾಕಿಕೊಂಡು, ಕಪಾಟಿನ ಮೇಲಿನಿಂದ ಗಿಟಾರು ಇಳಿಸಿದಳು. ನಾನು ಧೂಳು ಒರೆಸಲು ಸೆರಗು ಒಯ್ದರೆ ಕಾಕಾ ನನ್ನ ತೋಳು ಹಿಡಿದು ಕೂರಿಸಿದರು. "ಆಕಿನ ಒರಿಸ್ಕೊಳ್ಲಿ."

ಮುಂದೆ ಕಾಕಾ ಗಡಹಿಂಗ್ಲಜದ ಹತ್ತಿರ ನೇಸರಿ ಎಂಬ ಊರಿಗೆ, ಮಗಳ ಮನೆಗೆ ಹೋದರು. ಅಲ್ಲಿ ಎಮ್ಮೆ ನೋಡಿಕೊಂಡು ಗಟ್ಟಿಮುಟ್ಟಾಗಿದ್ದಾರೆ. ಆಲ್ಬಮ್ ಕೇಳಿದ ಗಡಹಿಂಗ್ಲಜದ ಹುಡುಗರು ಈ ಬ್ಯಾಂಡನ್ನು ತಮ್ಮೂರಿಗೆ ಕರೆಸಿದಾಗ ಕಾಕಾನೂ ಎಸ್‌ಟಿ ಹಿಡಿದು ಬಂದರು, ಬಿಳಿ ಟೋಪಿ, ಇಸ್ತ್ರಿ ಅಂಗಿ. ಅದೇ ಮೊನ್ನೆಯ ಭಾನುವಾರ. ನಾವಿಬ್ಬರೂ ಮುಂದಿನ ಕುರ್ಚಿಯಲ್ಲಿ. ಸುತ್ತ ಎಲ್ಲ ಮೊಮ್ಮಕ್ಕಳ ವಯಸ್ಸಿನವರು, ಯಾರೂ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ.

ಓಣಿಯ ಹಾಡು ಶುರುವಾಯಿತು. ಸುತ್ತಲಿನ ಹುಡುಗರಿಗೆಲ್ಲ ಬಾಯಿಪಾಠ! ಆ ಜಾಗ ಹತ್ತಿರ ಬಂತು. ಅಕ್ಷತಾ ದನಿ ಎತ್ತಿದಳು. ಮತ್ತೆ ಒಡೆಯಿತು!

ನಾನು ಕಣ್ಣು ಮುಚ್ಚಿಕೊಂಡೆ. ಕೇಳಿಸಿದ್ದು ಅವಳ ನಗು. ಮೈಕಿನಲ್ಲೇ ನಗುತ್ತಿದ್ದಳು. "ತಡೀರಿ, ತಡೀರಿ. ಇದು ಆಲ್ಬಮ್‌ನ್ಯಾಗಿಂದು ಆತು. ಈಗ ಹೊಸಾದು ಕೇಳ್ರಿ!" ಜನ ಹೋ ಎಂದರು. ಅವಳು ಉಸಿರು ತೆಗೆದುಕೊಂಡದ್ದು ನನಗೆ ಕಂಡಿತು, ಭುಜ ಎದ್ದದ್ದು ಕಂಡಿತು. ಆಮೇಲೆ ಆ ದನಿ ಹೋಯಿತು ನೋಡಿ ಮೇಲಕ್ಕೆ! ನಾನು ಕುರ್ಚಿ ಬಿಟ್ಟು ಎದ್ದಿದ್ದೆ. ಕಾಕಾ ಟೋಪಿ ತೆಗೆದು ಗಾಳಿಯಲ್ಲಿ ತಿರುಗಿಸುತ್ತಿದ್ದರು, ಕುಸ್ತಿ ಗೆದ್ದ ಪೈಲ್ವಾನನ ಕಡೆಯವರ ಹಾಗೆ.

ಮುಗಿದ ಮೇಲೆ ಅವಳು ಬೆವರಿನಲ್ಲೇ ಓಡಿ ಬಂದು ಅವರ ಕಾಲು ಮುಟ್ಟಿದಳು. "ಹೇಳ್ರಿ ಕಾಕಾ, ಎಲ್ಲೆಲ್ಲಿ ತಪ್ಪೈತಿ?" ಅವರು ಮೊದಲ ಹಾಡಿನಿಂದ ಹಿಡಿದು ಹೇಳತೊಡಗಿದರು. ಅವಳು ಪೆನ್ನು ತೆಗೆದು ತನ್ನ ಮುಂಗೈ ಮೇಲೆ ಬರೆದುಕೊಳ್ಳುತ್ತ, ನಗುತ್ತ, ಜಗಳವಾಡುತ್ತ ನಿಂತಳು. ತಪ್ಪು ಎಂಬ ಮಾತಿಗೆ ಗೋಡೆಯ ಕಡೆ ತಿರುಗುತ್ತಿದ್ದ ಹುಡುಗಿ!

ಹುಟ್ಟಿದಾಗಿನಿಂದ ನಾನು ಅವಳಿಗೆ ಚಲೋ ಚಲೋ ಎಂದಷ್ಟೇ ಹೇಳುತ್ತ ಬಂದೆ. ಪ್ರೀತಿಗೇ ಹೇಳಿದೆ. ಆ ಎರಡು ತಿಂಗಳು ನನ್ನ ಆ ಮಾತು ಅವಳನ್ನು ಒಂದು ದಿನವೂ ಎಬ್ಬಿಸಲಿಲ್ಲ. ಅವಳಿಗೆ ಬೇಕಾದದ್ದು ನನ್ನ ಹತ್ತಿರ ಇರಲಿಲ್ಲ, ಅವರ ಹತ್ತಿರ ಇತ್ತು, ಕೊಟ್ಟರು. ನೇಸರಿಯ ಎಸ್‌ಟಿ ಹೊರಡುವಾಗ ಕಿಟಕಿಯ ಕೆಳಗೆ ನಿಂತು ಇದನ್ನೇ ಹೇಳಬೇಕೆಂದುಕೊಂಡೆ. "ಕಾಕಾ, ನಿಮ್ಮ ಉಪಕಾರ..." ಎಂದು ಶುರು ಮಾಡಿದೆ.

ಅವರು ಕಿಟಕಿಯಿಂದ ಬಾಗಿ, "ಡ್ರಮ್ಮಿನ ಹುಡುಗಗ ಹೇಳು ತಂಗೆವ್ವಾ, ಎರಡರಾಗ ಇನ್ನೂ ಓಡಾಕತ್ತಾನ!" ಎಂದರು. ಬಸ್ಸು ಹೊರಟೇಬಿಟ್ಟಿತು. ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ.