ಸುತ್ತಿಗೆಗೆ ಹಚ್ಚಿದ ಕುಂಕುಮ

ನಂಬದವರು ಒಂದು ರಾತ್ರಿ ನಮ್ಮ ಮನೆಗೆ ಬಂದು, ಮಲಗಿರುವ ನನ್ನ ಗಂಡನ ಬಲಗೈ ನೋಡಿಕೊಂಡು ಹೋಗಲಿ. ದೆವ್ವ-ಗಿವ್ವ ಅಂದರೆ ನನಗೇ ಮೈ ಉರಿಯುತ್ತಿತ್ತು. ಈಗ ನಾನೇ ಹೇಳುವ ಹಾಗಾಗಿದೆ.

ಸಿಂಗಾಪುರಕ್ಕೆ ಬಂದ ಮೇಲೆ ನನ್ನ ಗಂಡ ರಘುವಿಗೆ ಪಾಳುಬಿದ್ದ ಜಾಗಗಳ ಫೋಟೋ ತೆಗೆಯುವ ಹುಚ್ಚು ಹಿಡಿಯಿತು. ಕಳೆದ ವರ್ಷ ಆಯುಧಪೂಜೆಯ ದಿನ ಹೌಗಾಂಗಿನ ನಮ್ಮ ಫ್ಲ್ಯಾಟಿನಲ್ಲಿ ಲ್ಯಾಪ್‌ಟಾಪು, ಮಿಕ್ಸಿ, ಅವನ ಕ್ಯಾಮೆರಾ ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿದ್ದೆ. ಪೂಜೆಗೆ ಇಟ್ಟಿದ್ದನ್ನು ಅವತ್ತು ಮುಟ್ಟಬಾರದು ಅಂತ ಎಷ್ಟು ಬಡಕೊಂಡರೂ ಕೇಳದೆ ಸಂಜೆ ಕ್ಯಾಮೆರಾ ಎತ್ತಿಕೊಂಡ. ಮುಖ ಊದಿಸಿಕೊಂಡು ನಾನೂ ಹೊರಟೆ.

ಪಾಸಿರ್ ಪಂಜಾಂಗ್‌ನಲ್ಲಿ ಬಸ್ ಇಳಿದು ಗುಡ್ಡ ಹತ್ತಿದೆವು. ಪೊದೆಗಳ ನಡುವೆ ಒಂದು ಸ್ಮಾರಕ. ಕೆಂಪು ಬಾವುಟದ ಕಾಲದಲ್ಲಿ ಯಾವುದೋ ಕಮ್ಯುನಿಸ್ಟ್ ಕಾರ್ಮಿಕ ಸಂಘ ಕಟ್ಟಿಸಿದ್ದಂತೆ. ಈಗ ಸಂಘವೂ ಇಲ್ಲ, ಕೇಳುವವರೂ ಇಲ್ಲ. ಆಳೆತ್ತರದ ಸಿಮೆಂಟಿನ ಕೂಲಿಯವರು ಸುತ್ತಿಗೆ, ಕುಡುಗೋಲು ಹಿಡಿದು ಸಾಲಾಗಿ ನಿಂತಿದ್ದರು. ಎಲ್ಲರೂ ನಮ್ಮನ್ನೇ ದುರುಗುಟ್ಟಿ ನೋಡುತ್ತಿದ್ದರು. ತುಕ್ಕು, ಬೆವರು, ಹಸಿ ಸಿಮೆಂಟಿನ ವಾಸನೆ... ಅಷ್ಟು ಹಳೆಯ ಸಿಮೆಂಟಿಗೆ ಹಸಿ ವಾಸನೆ ಎಲ್ಲಿಂದ ಬರಬೇಕು?

"ಇವರಿಗೂ ಆಯುಧಪೂಜೆ ಮಾಡೋಣ ಕಣೇ," ಎಂದ ರಘು. ಕ್ಯಾಮೆರಾ ಮೇಲಿದ್ದ ಕುಂಕುಮವನ್ನು ಬೆರಳಲ್ಲಿ ತೆಗೆದು ಒಂದು ಸುತ್ತಿಗೆಗೆ ಬಳಿದ.

"ದೇವರೇ ಬೇಡ ಅಂದವರಿಗೆ ಕುಂಕುಮ ಯಾಕೆ? ಸುಮ್ನೆ ಬಾ, ಕತ್ತಲಾಯ್ತು."

"ಒಂದೇ ಫೋಟೋ. ನೀನು ಕ್ಲಿಕ್ ಮಾಡು." ಕ್ಯಾಮೆರಾ ನನ್ನ ಕೈಗಿಟ್ಟು, ಆ ಸುತ್ತಿಗೆಯ ಹಿಡಿಗೆ ತಾನೂ ಕೈ ಹಾಕಿ ಹಲ್ಲು ಕಿರಿದ.

ಫ್ಲ್ಯಾಶ್ ಮಿಂಚಿತು. ಕೆಳಗಿನ ಬಂದರಿನ ಕ್ರೇನುಗಳ ಸದ್ದು ನಿಂತೇ ಹೋಯಿತು. ಜೀರುಂಡೆಗಳೂ ಇಲ್ಲ. ಹತ್ತಿರದಲ್ಲೇ ಎಲ್ಲೋ... ಠಣ್... ಠಣ್...

"ಶುಭಾ... ಕೈ ಬರ್ತಿಲ್ಲ ಕಣೇ."

"ನಾಟಕ ಆಡ್ಬೇಡ."

"ಸೀರಿಯಸ್ಸಾಗಿ ಹೇಳ್ತಿದೀನಿ. ಟೈಟ್ ಆಗ್ತಿದೆ, ಶುಭಾ!"

ಟಾರ್ಚ್ ಹಾಕಿದೆ. ಅವನ ಬೆರಳುಗಳ ಮೇಲೆ ಸಿಮೆಂಟಿನ ಬೆರಳುಗಳಿದ್ದವು. ಅವನು ಹಿಡಿದಾಗ ಅವು ಕೆಳಗಿದ್ದವು, ಆಣೆ ಮಾಡಿ ಹೇಳುತ್ತೇನೆ. ಲಟಕ್ ಎಂಬ ಸದ್ದಾಯಿತು, ರಘು ಕಿರುಚಿದ. ತೋಳು ಹಿಡಿದು ಜಗ್ಗಿದೆ. ಬರಲಿಲ್ಲ. ಅವನ ಕೈ ಹೋಯಿತು ಅಂತಲೇ ಅಂದುಕೊಂಡೆ. ಆಗ ಕುಂಕುಮ ಕಣ್ಣಿಗೆ ಬಿತ್ತು. ದುಪಟ್ಟಾದಿಂದ ಗಸಗಸ ಉಜ್ಜಿದೆ. "ತಪ್ಪಾಯ್ತು, ಬಿಟ್ಬಿಡಿ... ತಪ್ಪಾಯ್ತು..."

ಕೆಂಪು ಪೂರ್ತಿ ಹೋದ ಮೇಲೆ ಸಿಮೆಂಟಿನ ಬೆರಳುಗಳು ಅವನ ಕೈ ಬಿಟ್ಟವು. ಎದ್ದೆವೋ ಬಿದ್ದೆವೋ ಅಂತ ಓಡಿದೆವು. ದುಪಟ್ಟಾವನ್ನು ಬಸ್‌ಸ್ಟಾಪಿನ ಕಸದ ಡಬ್ಬಿಗೆ ಎಸೆದೆ.

ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದರು ಡಾಕ್ಟರು. ಫೋಟೋದಲ್ಲೂ ಏನಿಲ್ಲ, ಹಲ್ಲು ಕಿರಿದ ರಘು ಅಷ್ಟೆ. ಆದರೆ ನಿದ್ದೆಯಲ್ಲಿ ಅವನ ಬಲಗೈ ಏನೋ ಹಿಡಿದಂತೆ ಮುಷ್ಟಿ ಕಟ್ಟುತ್ತದೆ. ನನ್ನ ಎರಡೂ ಕೈ ಹಾಕಿದರೂ ಬಿಚ್ಚುವುದಿಲ್ಲ. ಪಕ್ಕದಲ್ಲಿ ಮಲಗಲು ಭಯವಾಗುತ್ತದೆ.

ಈ ವರ್ಷ ಆಯುಧಪೂಜೆಯೇ ಬೇಡ ಎಂದು ಕುಂಕುಮದ ಬಟ್ಟಲನ್ನು ಬೀರುವಿನೊಳಗೆ ಬೀಗ ಹಾಕಿಟ್ಟೆ. ಹಬ್ಬದ ಬೆಳಿಗ್ಗೆ ಎದ್ದು ನೋಡಿದರೆ ಅವನ ಮುಷ್ಟಿ ತಾನಾಗಿ ಬಿಚ್ಚಿತ್ತು. ಅಂಗೈ ತುಂಬ ಹಸಿ ಸಿಮೆಂಟು. ನಡುವೆ, ಆಯುಧಕ್ಕೆ ಹಚ್ಚುವ ಹಾಗೆ, ಒಂದು ಬೊಟ್ಟು ಕುಂಕುಮ...

ಅವನು ಏಳುವುದರೊಳಗೆ ಒರೆಸಿಬಿಟ್ಟೆ. ಪೂಜೆಗೆ ಇಟ್ಟಿದ್ದನ್ನು ಅವತ್ತು ಮುಟ್ಟಬಾರದು ಅನ್ನುವುದು ನೆನಪಾಗಿದ್ದು ಆಮೇಲೆ.