ಅಕ್ಕೋರಿಗೆ ಬಂದ ಪತ್ರಗಳು

ಕಳೆದ ವಾರ ಮೊಮ್ಮಗಳ ಕೈಯಿಂದ ಕಪ್ಪು ಶಾಯಿಯ ಬಾಟಲಿ ಜಾರಿ ಒಡೆಯಿತು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಪುಣೆಯ ಸದಾಶಿವ ಪೇಠದ ಹಳೇ ವಾಡೆಯ ಮಾಳಿಗೆ, ಕಿಟಕಿ ಪಕ್ಕದ ಮೇಜು, ಅಲ್ಲಿ ತಲೆ ಬಗ್ಗಿಸಿ ಕೂತ ಅಕ್ಕೋರು ಕಣ್ಣೆದುರು ಬಂದರು...

ಸೊಲ್ಲಾಪುರದ ಕನ್ನಡ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ಬಂದವರಾದ್ದರಿಂದ ಎಲ್ಲರಿಗೂ ಅವರು ಅಕ್ಕೋರು. ಆ ಮಾಳಿಗೆಯಿಂದ ತೊಂಬತ್ತರ ದಶಕದಲ್ಲಿ ಮರಾಠಿಯ ಚಿತ್ರಕಥಾ ಮಾಸಿಕವೊಂದು ಹೊರಡುತ್ತಿತ್ತು. ಅದರ ನಾಯಕ ಲೋಹಬಾಹು. ಮುಖವಾಡ ತೊಟ್ಟ, ಉಕ್ಕಿನ ತೋಳಿನ ಆ ವೀರನನ್ನು ಎಂಟು ವರ್ಷ ಬರೆದವನು ನಾನು. ಅಕ್ಕೋರು ನನ್ನ ಚಿತ್ರಗಳಿಗೆ ಬಣ್ಣ ತುಂಬುತ್ತಿದ್ದರು, ಅಷ್ಟೇ.

ಮನೆಮನೆಗೆ ಕೇಬಲ್ ಟಿವಿ ಬಂತು. ಮಾರಾಟವಾಗದೆ ಮರಳಿದ ಕಟ್ಟುಗಳಿಂದ ಮೆಟ್ಟಿಲು ತುಂಬಿತು. ಹೊಸ ನಾಯಕನನ್ನು ಬರೆದು ತನ್ನಿ ಎಂದು ಮಾಲೀಕರು ನಮ್ಮಿಬ್ಬರಿಗೂ ಹೇಳಿದರು. ನಾನು ಲೋಹಬಾಹುವಿಗೇ ಇನ್ನಷ್ಟು ದಪ್ಪ ತೋಳು ಕೊಟ್ಟು ಒಯ್ದೆ. ಅಕ್ಕೋರು ತಂದದ್ದು ಬೀಡಿ ಕಟ್ಟುವ ಹುಡುಗಿಯೊಬ್ಬಳನ್ನು. ಎಷ್ಟೇ ದೂರದಲ್ಲಿ ಯಾರು ಅತ್ತರೂ ಅವಳಿಗೆ ಕೇಳಿಸುತ್ತದೆ; ಅದೇ ಅವಳ ಶಕ್ತಿ. ಚಿತ್ರದಲ್ಲಿ, ತೊಡೆಯ ಮೇಲೆ ಮೊರವಿಟ್ಟುಕೊಂಡವಳು ತಟಕ್ಕನೆ ತಲೆ ಎತ್ತಿದ್ದಳು. ಅಂಥದೊಂದು ಮುಖ ನನ್ನ ಕೈಯಿಂದ ಒಮ್ಮೆಯೂ ಬಂದಿರಲಿಲ್ಲ. ಅದು ತಿಳಿದೇ ಹೊಟ್ಟೆ ಉರಿಯಿತು.

ಮಾಲೀಕರು ಅವಳನ್ನೇ ಆರಿಸಿದರು; ಲೋಹಬಾಹುವಿನ ಕಥೆ ಮುಗಿಸಿಬಿಡಿ ಎಂದರು. ಅಕ್ಕೋರು ನನ್ನ ಮೇಜಿನ ತನಕ ಬಂದರು.

"ಲೋಹಬಾಹುನ್ನ ಸಾಯಸೂದು ಬ್ಯಾಡ್ರಿ. ಅಂವಾ ತನ್ನ ಮುಖವಾಡ ಆಕೀಗೆ ಕೊಟ್ಟು ಹೋಗ್ಲಿ. ಆ ಪುಟಾ ನೀವ ಬರೀರಿ, ಭಾಳ ಛಂದ ಬರ್ತದ."

"ನಿಮ್ಮ ಹುಡಿಗಿ, ನೀವ ಬರಕೋರಿ," ಅಂದೆ.

ಹಡಪಸರದಿಂದ ಮೊದಲ ಬಸ್ಸು ಹಿಡಿದು ಬಂದು ಕಚೇರಿಯ ಬೀಗ ತೆಗೆಯುವವನು ನಾನೇ. ಟಪಾಲು ಮೊದಲು ನನ್ನ ಕೈಗೇ ಸಿಗುತ್ತಿತ್ತು. ಹೊಸ ಸಂಚಿಕೆಗೆ ಬಂದ ಮೊದಲ ಪತ್ರ ದೌಂಡದ ಹುಡುಗಿಯದು. 'ನನ್ನ ಅಮ್ಮನೂ ಬೀಡಿ ಕಟ್ಟುತ್ತಾಳೆ. ಈ ಅಕ್ಕ ಮುಂದಿನ ತಿಂಗಳೂ ಬರುತ್ತಾಳಲ್ಲ?' ಎಂದು ಕೇಳಿದ್ದಳು. ಮಡಚಿ ನನ್ನ ಚೀಲಕ್ಕೆ ಹಾಕಿಕೊಂಡೆ. ಆಮೇಲೆ ಬಂದವನ್ನೂ ಹಾಗೆಯೇ...

ಮಾರಾಟ ಅಷ್ಟಾಗಿ ಏರಲಿಲ್ಲ. ಓದುಗರು ಏನಾದರೂ ಬರೆದಾರೆಂದು ಮಾಲೀಕರು ನಾಲ್ಕು ಸಂಚಿಕೆ ಕಾದರು. ಕೊನೆಗೆ ಹುಡುಗಿಯನ್ನು ನಿಲ್ಲಿಸಿ ಲೋಹಬಾಹುವನ್ನೇ ಮತ್ತೆ ತಂದರು. ಅಕ್ಕೋರು ಕುಂಚ ತೊಳೆದಿಟ್ಟು ಸೊಲ್ಲಾಪುರಕ್ಕೆ ಹೋದರು. ಅರ್ಧ ವರ್ಷದಲ್ಲಿ ಮಾಸಿಕವೇ ಮುಚ್ಚಿತು.

ಏಳೆಂಟು ವರ್ಷದ ನಂತರ ಪುಣೆ ಸ್ಟೇಷನ್ನಿನಲ್ಲಿ ಅಕ್ಕೋರು ಸಿಕ್ಕರು. ಚಿತ್ರ ಬರೆಯುವುದನ್ನು ಬಿಟ್ಟೇಬಿಟ್ಟಿದ್ದರು.

"ಒಂದ ಪತ್ರನೂ ಬರಲಿಲ್ಲ ನೋಡ್ರಿ," ಎಂದು ನಕ್ಕರು. "ಆ ಮುಖವಾಡದ ಪುಟಾ ನೀವು ಬರದು ಕೊಟ್ಟಿದ್ರ ಬರ್ತಿದ್ವೇನೋ. ನನ್ನ ಕೈ ಅಷ್ಟ."

ಅಷ್ಟರಲ್ಲಿ ಗಾಡಿ ಬಂತು. ಅವರ ಚೀಲ ಎತ್ತಿ ಒಳಗಿಟ್ಟೆ.

ಅಕ್ಕೋರು ತೀರಿಕೊಂಡ ಸುದ್ದಿ ಹೋದ ವರ್ಷ ಸೊಲ್ಲಾಪುರದ ಪರಿಚಯದವರೊಬ್ಬರಿಂದ ತಿಳಿಯಿತು. ಆ ಪತ್ರಗಳನ್ನು ನಾನು ಹರಿಯಲೂ ಇಲ್ಲ, ಕೊಡಲೂ ಇಲ್ಲ. ಇನ್ನು ಕೊಡುವುದಾದರೂ ಯಾರಿಗೆ? ಮೊನ್ನೆ ತೆಗೆದು ಓದಿದೆ. ಪಶ್ಚಾತ್ತಾಪ ಆಮೇಲೆ ಬಂತು. ಅದಕ್ಕೂ ಮೊದಲು, ಇಷ್ಟು ವರ್ಷ ಕಳೆದರೂ, ಮನಸ್ಸಿಗೆ ಬಂದದ್ದು ಒಂದೇ ಮಾತು: ಇಂಥದೊಂದು ಪತ್ರ ನನಗೆ ಯಾರೂ ಬರೆದಿರಲಿಲ್ಲ.