ಗಂಡನ ಕಡೆ ಮುಖ ಮಾಡುವ ಜಡೆ

ಇಬಾದಾನ್ ನಗರದ ಓಜೆ ಓಣಿಯಲ್ಲಿ ಬೆಳಗಿನ ನಮಾಜು ಮುಗಿದಿದೆ, ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಇಯಾ ರಿಸಿಕಾ ಜಗಲಿಯ ಮೇಲೆ ಗಿಡ್ಡ ಮಣೆ ಎಳೆದುಕೊಂಡು ಕೂತಿದ್ದಾರೆ. ಅವರ ಮೊಣಕಾಲುಗಳ ನಡುವೆ, ನೆಲದ ಮೇಲೆ, ಪಕ್ಕದ ಮನೆಯ ಪುಟ್ಟ ಮೊರೆನಿಕೆ. ಮರದ ಬಾಚಣಿಗೆಯ ತುದಿ ಬೈತಲೆ ಎಳೆದಾಗಲೆಲ್ಲ ಹುಡುಗಿ ಕೊಸರಾಡುತ್ತಾಳೆ.

"ಇದೇನು ತಲೆಯೋ, ಕಾಳು ಹೆಕ್ಕೋ ಕೋಳಿಯೋ? ಸುಮ್ನೆ ಕೂರೇ."

"ಅಜ್ಜಿ, ಹಂದಿ ಹಿಂದಲೆ ಜಡೆ ಬೇಡ. ಹುಡುಗರು ನಗ್ತಾರೆ."

"ನಗಲಿ ಅಂತಲೇ ಹಿರೀಕರು ಆ ಹೆಸರಿಟ್ಟಿದ್ದು. ನಕ್ಕವರು ಮರೆಯಲ್ಲ."

ಇಲ್ಲಿನ ಶಾಲೆಗಳಲ್ಲಿ ಹುಡುಗಿಯರಿಗೆಲ್ಲ ವಾರಕ್ಕೊಂದು ಗೊತ್ತುಮಾಡಿದ ಜಡೆ. ರಜೆ ಮುಗಿದು ಸೋಮವಾರ ಬಾಗಿಲು ತೆರೆಯುವ ಶಾಲೆಗೆ ಈ ಸಲ 'ಹಂದಿ ಹಿಂದಲೆ'. ಆಮೇಲೆ 'ಚಪ್ಪಾಳೆ ತಟ್ಟು', 'ಬಾಯಿ ಮುಚ್ಚು', 'ಕಾಲಿಲ್ಲದ್ದು' ಬರುತ್ತವೆ. ದಿನಕ್ಕೆ ಏಳೆಂಟು ತಲೆ ಇಯಾ ರಿಸಿಕಾ ಕೈಯಲ್ಲಿ ಹಾದುಹೋಗುತ್ತವೆ. ಸಂಜೆಗೆ ಬೆರಳು ಸೆಟೆದುಕೊಳ್ಳುತ್ತದೆ, ಸೊಂಟ ಮಾತು ಕೇಳುವುದಿಲ್ಲ.

ಅವರ ಸ್ವಂತ ಹೆಸರು ಸಲಾಮೊತು. ಹಾಗೆ ಕರೆಯುವವರು ಈಗ ಉಳಿದಿಲ್ಲ. ಚೊಚ್ಚಲ ಮಗಳು ಹುಟ್ಟಿದಂದಿನಿಂದ ಓಣಿಗೆಲ್ಲ ಅವರು ಇಯಾ ರಿಸಿಕಾ, ಅಂದರೆ ರಿಸಿಕಾಳ ತಾಯಿ. ಲಾರಿ ಓಡಿಸುತ್ತಿದ್ದ ಗಂಡ ತೀರಿಕೊಂಡಾಗ ತಮ್ಮ ಅಜ್ಜಿ ಕಲಿಸಿದ ಜಡೆ ಹೆಣಿಗೆಯೇ ಕೈಹಿಡಿಯಿತು. ನಡುವೆ ಅಂಗಡಿಗಳಿಗೆ ನುಣುಪು ಕೂದಲಿನ ವಿಗ್ಗು ಬಂದು ಜಗಲಿ ಬಿಕೋ ಎಂದಿತು. ಆಗ ಮೆಣಸಿನಕಾಯಿ ರುಬ್ಬುವ ಕೂಲಿಗೆ ಹೋದರು.

"ಕೈ ಧಗಧಗ ಉರೀತಿತ್ತು. ಆದ್ರೂ ಕೈ ತೊಳ್ಕೊಂಡು ಒಂದು ತಲೆನಾದ್ರೂ ಹೆಣೀತಿದ್ದೆ. ಬೆರಳಿಗೆ ದಾರಿ ಮರೆತುಹೋದ್ರೆ ಏನ್ಮಾಡೋದು?" ಎನ್ನುತ್ತಾರೆ. ಈಗ ಕಾಲೇಜಿನ ಹುಡುಗಿಯರೂ ಹಳೆಯ ಜಡೆಗಳನ್ನು ಹೆಸರು ಹಿಡಿದು ಕೇಳಿಕೊಂಡು ಬರುತ್ತಿದ್ದಾರೆ.

ಬಾರದ ತಲೆ ಒಂದೇ. ಅದು ರಿಸಿಕಾಳದು. ಲೇಗೋಸ್‌ನ ಬ್ಯಾಂಕಿಗೆ ಸೇರಿದ ಮೇಲೆ ಅವಳು ವಿಗ್ಗಿಲ್ಲದೆ ಹೊರಬಂದಿಲ್ಲ. ನಾಡಿದ್ದು ಅವಳ ಮದುವೆ. ಎಳೆಗಳೆಲ್ಲ ಮುಂದಕ್ಕೆ, ಹಣೆಯ ಕಡೆಗೆ ಸಾಗುವ ಮದುಮಗಳ ಜಡೆಗೆ 'ಗಂಡನ ಕಡೆ ಮುಖ ಮಾಡು' ಎಂದು ಹೆಸರು. ಊರಿನ ಎಷ್ಟೋ ಮದುಮಕ್ಕಳಿಗೆ ಅದನ್ನು ಹೆಣೆದ ತಾಯಿ, ಮಗಳನ್ನು ಮಾತ್ರ ಬಾಯಿಬಿಟ್ಟು ಕೇಳಿಲ್ಲ. "ತಲೆ ಅವಳದು, ಹಣೆಬರಹನೂ ಅವಳದೇ. ಎಳೆದು ಕೂರಿಸೋಕಾಗುತ್ತಾ?" ಎನ್ನುವಾಗ ದನಿ ಸಣ್ಣಗಾಗುತ್ತದೆ. ಆಸೆ ಎಷ್ಟಿದೆ ಎಂಬುದು ಓಣಿಗೆಲ್ಲ ಗೊತ್ತು.

ಎದುರುಗಡೆ ಅಲಸಂದೆ ವಡೆ ಕರಿಯುವ ಅಲಾಕೆ ಕೆಣಕುತ್ತಾರೆ. "ಊರ ತಲೆಗೆಲ್ಲ ಒಡತಿ, ಮಗಳ ತಲೆಗೆ ಮಾತ್ರ ಹೊರಗಿನೋಳು."

"ನಿನ್ನ ವಡೆ ಸೀದುಹೋಗ್ತಿದೆ, ನೋಡ್ಕೊ."

ಅಷ್ಟರಲ್ಲಿ ಬಸ್ ನಿಲ್ದಾಣದ ಕಡೆಯಿಂದ ಬಂದ ಬಾಡಿಗೆ ಬೈಕು ನಿಲ್ಲುತ್ತದೆ. ರಿಸಿಕಾ ಇಳಿದು ಬಂದು ಪದ್ಧತಿಯಂತೆ ತಾಯಿಯ ಮುಂದೆ ಮಂಡಿಯೂರುತ್ತಾಳೆ. ಹರಸಿದ ಮೇಲೂ ಏಳುವುದಿಲ್ಲ. ವಿಗ್ಗು ಕಿತ್ತು ಚೀಲಕ್ಕೆ ತುರುಕುತ್ತಾಳೆ. ಒಳಗಿನ ಕೂದಲು ಒತ್ತೊತ್ತಾಗಿ, ಗುಂಗುರಾಗಿ, ಥೇಟ್ ತಾಯಿಯದೇ.

"'ಗಂಡನ ಕಡೆ ಮುಖ ಮಾಡು' ಹೆಣಿ, ಅಮ್ಮ. ಬ್ಯಾಂಕಿಗೂ ಅದರಲ್ಲೇ ಹೋಗ್ತೀನಿ."

"ಅಲ್ಲಿ ನಗಲ್ವಾ?"

"ನಗಲಿ. ನಕ್ಕವರು ಮರೆಯಲ್ಲ ಅಂತ ಹೇಳಿಕೊಟ್ಟೋಳು ನೀನೇ ಅಲ್ವಾ?"

ಇಯಾ ರಿಸಿಕಾ ಸೆರಗಿನಂತೆ ಹೊದ್ದ ಬಟ್ಟೆಯ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. "ಮೊರೆನಿಕೆದು ಮುಗೀಲಿ. ಮದುಮಗಳಾದ್ರೂ ಸರದಿ ಸರದಿನೇ."

ಮಗಳು ನಗುತ್ತಾ ಜಗಲಿಯಲ್ಲಿ ಕಾಯುತ್ತಾಳೆ. ಸರದಿ ಬಂದಾಗ ಮೊಣಕಾಲುಗಳ ನಡುವೆ ಕುಳಿತು, ಕತ್ತು ಬಗ್ಗಿಸಿ ಕೊಡುತ್ತಾಳೆ.

ಅಲಾಕೆ ಬಿಡುವವರಲ್ಲ. "ಅವಳು ಗಂಡನ ಕಡೆ ಮುಖ ಮಾಡಿದ್ಮೇಲೆ ನಿನಗೇನೇ ಉಳೀತು?"

ಇಯಾ ರಿಸಿಕಾ ಹಿಂದಲೆಯಲ್ಲಿ ಮೊದಲ ಎಳೆ ಹಿಡಿಯುತ್ತಾರೆ. "ಜಡೆ ಹೋಗೋದು ಹಣೆ ಕಡೆಗೆ, ಸರಿ. ಶುರುವಾಗೋದು ಹಿಂದ್ಗಡೆಯಿಂದ. ಅಲ್ಲಿ ಕೂತಿರೋಳು ನಾನು."